ಹೆದ್ದಾರಿಯಲ್ಲಿ ಪಾದಯಾತ್ರೆ: ಚಾಲಕನಿಗೆ ನಾವು ಎಷ್ಟು ದೂರದಿಂದ ಕಾಣುತ್ತೇವೆ?

ಪುಣೆ–ಸೋಲಾಪುರ ಹೆದ್ದಾರಿಯಲ್ಲಿ ಯವತ್ ದಾಟಿದ ಮೇಲೆ, ಬೆಳಗಿನ ನಾಲ್ಕೂವರೆಯ ಹೊತ್ತಿನಲ್ಲಿ, ಪಂಢರಪುರಕ್ಕೆ ನಡೆದು ಹೋಗುವ ಯಾತ್ರಿಕರ ಗುಂಪಾದ ನಮ್ಮ ದಿಂಡಿಯ ಪಾತ್ರೆ ಮತ್ತು ಹಾಸಿಗೆಗಳನ್ನು ತುಂಬಿದ ಟೆಂಪೊದಲ್ಲಿ ಚಾಲಕನ ಪಕ್ಕದ ಸೀಟಿನಲ್ಲಿ ನಾನು ಕುಳಿತಿದ್ದೆ. ನಮಗಿಂತ ಅರ್ಧ ಗಂಟೆ ಮೊದಲು ನಡೆದು ಹೊರಟಿದ್ದ ನಮ್ಮವರು ಆ ರಸ್ತೆಯಲ್ಲಿಯೇ ಮುಂದೆ ಇದ್ದಾರೆಂದು ಗೊತ್ತಿದ್ದುದರಿಂದ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ಇದ್ದೆ. ಮೊದಲು ಕಂಡದ್ದು ಯಾರದೋ ಚೀಲಕ್ಕೆ ಕಟ್ಟಿದ್ದ ಸ್ಟೀಲ್ ಚೊಂಬಿನ ಮಿನುಗು, ಆಮೇಲೆ ಒಂದು ಬಿಳಿಯ ಧೋತರ. ಆ ಧೋತರದ ಪಕ್ಕದಲ್ಲಿ ಕಡುಹಸಿರು ಸೀರೆಯುಟ್ಟ ಮೂವರು ಹೆಂಗಸರೂ ನಡೆಯುತ್ತಿದ್ದಾರೆಂಬುದು ತಿಳಿದದ್ದು ಟೆಂಪೊ ಅವರನ್ನು ದಾಟುವ ಕ್ಷಣದಲ್ಲಿ. ಮುಂದಿನ ತಂಗುದಾಣದಲ್ಲಿ ಆ ಮೂವರಲ್ಲಿ ಹಿರಿಯರಾದ, ವಿಜಾಪುರದ ಕಡೆಯಿಂದ ಬಂದು ಪುಣೆಯ ಹಡಪಸರದಲ್ಲಿ ಮಗನ ಮನೆಯಲ್ಲಿರುವ ಅಜ್ಜಿಗೆ ಈ ಸಂಗತಿಯನ್ನು ಹೇಳಿದಾಗ ಅವರು ನಂಬಲಿಲ್ಲ. "ಅಂವಗ ನಾವು ಕಾಣಸ್ತೀವಲ್ಲೋ ತಮ್ಮಾ, ಅಷ್ಟು ದೊಡ್ಡ ಲೈಟ್ ಹಚ್ಚಿರ್ತಾನ" ಎಂದರು.

ಅಜ್ಜಿಯ ಈ ಮಾತಿನಲ್ಲಿರುವ ನಂಬಿಕೆ ರಾತ್ರಿ ರಸ್ತೆಯಲ್ಲಿ ನಡೆಯುವ ಬಹುತೇಕ ಎಲ್ಲರದೂ ಹೌದು. ಹೆದ್ದಾರಿಯ ಕತ್ತಲೆಯಲ್ಲಿ ನಿಂತವನಿಗೆ ವಾಹನದ ದೀಪ ಒಂದು ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ಅಷ್ಟು ದೂರದಿಂದ ನನಗೆ ಅವನು ಕಾಣುತ್ತಿದ್ದಾನೆಂದ ಮೇಲೆ ಅವನಿಗೂ ನಾನು ಕಾಣುತ್ತಿರಬೇಕು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿಬಿಡುತ್ತದೆ. ಈ ಲೆಕ್ಕ ತಪ್ಪು. ಎದುರಿನಿಂದ ವಾಹನಗಳು ಬರುತ್ತಿರುವಾಗ ಚಾಲಕನು ದೀಪವನ್ನು ಡಿಪ್ ಮಾಡಿ ಓಡಿಸುತ್ತಾನೆ, ಹಾಗೆ ತಗ್ಗಿಸಿದ ದೀಪ ರಸ್ತೆಯನ್ನು ಚೆನ್ನಾಗಿ ಬೆಳಗುವುದು ಕೆಲವೇ ಹತ್ತು ಮೀಟರ್‌ಗಳ ವರೆಗೆ. ಕಪ್ಪು, ಕಡುನೀಲಿ ಅಥವಾ ಕಡುಹಸಿರು ಬಟ್ಟೆ ತೊಟ್ಟವರು ಆ ಬೆಳಕಿನಲ್ಲಿ ಮನುಷ್ಯರೆಂದು ಗುರುತಿಗೆ ಸಿಗುವುದು ಸುಮಾರು 30 ಮೀಟರ್ ಹತ್ತಿರಕ್ಕೆ ಬಂದಾಗ. ಬಿಳಿ ಬಟ್ಟೆಯಾದರೆ ಇದರ ಎರಡರಷ್ಟು ದೂರದಿಂದ ಕಾಣಬಹುದು. ಬೆಳಕನ್ನು ಹಿಂದಿರುಗಿಸುವ ಪಟ್ಟಿಯನ್ನು ಕಟ್ಟಿಕೊಂಡವರು ನೂರು ಮೀಟರ್‌ಗಿಂತ ಆಚೆಯಿಂದಲೇ ಕಣ್ಣಿಗೆ ಬೀಳುತ್ತಾರೆ.

ಈ 30 ಮೀಟರ್ ಎಷ್ಟು ಕಡಿಮೆ ಎಂಬುದನ್ನು ವಾಹನದ ವೇಗದೊಂದಿಗೆ ಇಟ್ಟು ನೋಡಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಏನೋ ಕಂಡಿತು, ಅದು ಮನುಷ್ಯ, ಬ್ರೇಕ್ ಒತ್ತಬೇಕು ಎಂಬಷ್ಟು ತಿಳಿದು ಕಾಲು ಬ್ರೇಕಿನ ಮೇಲೆ ಊರಲು ಸಾಧಾರಣ ಚಾಲಕನಿಗೆ ಒಂದೂವರೆ ಸೆಕೆಂಡ್ ಬೇಕೆಂದು ಹಿಡಿದರೂ, ಬ್ರೇಕ್ ಬೀಳುವ ಮೊದಲೇ ಕಾರು 33 ಮೀಟರ್ ಬಂದಿರುತ್ತದೆ. ಒಣಗಿದ ಡಾಂಬರಿನ ಮೇಲೆ ಅದು ಪೂರ್ತಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು, ಮಳೆಯಲ್ಲಿ ನೆನೆದ ರಸ್ತೆಯಾದರೆ ಹತ್ತಿರಹತ್ತಿರ 50. ಅಂದರೆ ಕಡುಬಣ್ಣದ ಬಟ್ಟೆಯವರು ಕಣ್ಣಿಗೆ ಬೀಳುವ ಹೊತ್ತಿಗೆ ಆ ಚಾಲಕನ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಅವನು ಕುಡಿದಿರಬೇಕಾಗಿಲ್ಲ, ಮೊಬೈಲ್ ನೋಡುತ್ತಿರಬೇಕಾಗಿಲ್ಲ, ಎಚ್ಚರವಾಗಿದ್ದು ಕಣ್ಣು ತೆರೆದು ಓಡಿಸುತ್ತಿದ್ದರೂ ಡಿಕ್ಕಿ ತಪ್ಪುವುದಿಲ್ಲ. ಇದೇ ಲೆಕ್ಕವನ್ನು 40 ಕಿಲೋಮೀಟರ್ ವೇಗಕ್ಕೆ ಹಾಕಿದರೆ ಕಾರು ಒಟ್ಟು 26 ಮೀಟರ್ ಒಳಗೆ ನಿಲ್ಲುತ್ತದೆ, 25 ಕಿಲೋಮೀಟರ್ ವೇಗಕ್ಕಾದರೆ 14 ಮೀಟರ್ ಸಾಕು. ಮೆರವಣಿಗೆಯನ್ನು ದಾಟುವ ವಾಹನ 25 ಕಿಲೋಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಓಡಬಾರದೆಂದು, 2017ರ ವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಗಳಲ್ಲಿಯೇ ಬರೆದಿದ್ದುದರ ಹಿಂದಿನ ಅರ್ಥ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಆದರೆ ಮೆರವಣಿಗೆ ಇದೆ ಎಂಬುದು ದೂರದಿಂದಲೇ ತಿಳಿದ ಚಾಲಕ ಮಾತ್ರ ವೇಗ ತಗ್ಗಿಸಬಲ್ಲ.

ಆದ್ದರಿಂದ ಪಾದಯಾತ್ರೆಗೆ ಹೊರಡುವವರು ಮೊದಲು ಕೊಳ್ಳಬೇಕಾದ ವಸ್ತು ನಮ್ಮ ಊರುಗಳಲ್ಲಿ ಎಲ್ಲರೂ ರೇಡಿಯಂ ಎಂದು ಕರೆಯುವ ಪಟ್ಟಿ. ಅದರಲ್ಲಿ ನಿಜವಾದ ರೇಡಿಯಂ ಇರುವುದಿಲ್ಲ, ಇರುವುದು ಸಣ್ಣ ಗಾಜಿನ ಮಣಿಗಳು ಅಥವಾ ಪ್ರಿಸ್ಮ್‌ಗಳು. ಕನ್ನಡಿಯಾದರೆ ತನ್ನ ಮೇಲೆ ಬಿದ್ದ ಬೆಳಕನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ, ಈ ಮಣಿಗಳು ಬೆಳಕನ್ನು ಬಂದ ದಾರಿಯಲ್ಲೇ, ಅಂದರೆ ದೀಪದ ಹಿಂದೆ ಕುಳಿತ ಚಾಲಕನ ಕಣ್ಣಿನ ಕಡೆಗೇ, ಹಿಂದಿರುಗಿಸುತ್ತವೆ. ಅಂಗಡಿಯಲ್ಲಿ ಸಿಗುವ ಗಾಢ ಹಳದಿ ಅಥವಾ ಕಿತ್ತಳೆ ಬಣ್ಣದ ಜಾಕೆಟ್ಟಿನ ಬಟ್ಟೆಯೇ ಈ ಕೆಲಸ ಮಾಡುತ್ತದೆಂದು ಹಲವರು ತಿಳಿದಿದ್ದಾರೆ. ಆ ಬಣ್ಣ ಹಗಲಿನಲ್ಲಿ, ಮುಸ್ಸಂಜೆಯಲ್ಲಿ, ಮಳೆಮೋಡದಲ್ಲಿ ಎದ್ದು ಕಾಣುತ್ತದೆ ನಿಜ, ಆದರೆ ರಾತ್ರಿ ಕೆಲಸಕ್ಕೆ ಬರುವುದು ಅದರ ಮೇಲೆ ಹೊಲಿದಿರುವ ಬೂದುಬಣ್ಣದ ಪಟ್ಟಿ ಮಾತ್ರ. ಆ ಪಟ್ಟಿಯನ್ನು ಬೆನ್ನಿಗಷ್ಟೇ ಹಚ್ಚಿಕೊಳ್ಳುವುದಕ್ಕಿಂತ ಕಣಕಾಲಿಗೂ ಮಣಿಕಟ್ಟಿಗೂ ಕಟ್ಟಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಮೇಲೆ ಕೆಳಗೆ ಆಡುವ ನಾಲ್ಕು ಹೊಳಪುಗಳನ್ನು ಕಂಡ ಕೂಡಲೇ ಇದು ನಡೆಯುತ್ತಿರುವ ಮನುಷ್ಯ ಎಂದು ಚಾಲಕನ ಮಿದುಳು ಗುರುತಿಸುತ್ತದೆ. ಅಲ್ಲಾಡದ ಒಂದೇ ಹೊಳಪು ಕಂಬವೂ ಆಗಿರಬಹುದು, ಕಲ್ಲೂ ಆಗಿರಬಹುದು. ಹೆಗಲಿಗೆ ಹಾಕಿದ ಚೀಲ ಬೆನ್ನಿನ ಪಟ್ಟಿಯನ್ನು ಮುಚ್ಚಿಬಿಡುತ್ತದೆಂಬುದೂ, ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆ ಜಾಕೆಟ್ಟನ್ನೇ ಮರೆಮಾಡುತ್ತದೆಂಬುದೂ ನಡೆಯುವಾಗ ಯಾರ ನೆನಪಿಗೂ ಬರುವುದಿಲ್ಲ. ಹಾಗಾಗಿ ಪಟ್ಟಿಯನ್ನು ಚೀಲದ ಮೇಲೂ ಕೊಪ್ಪೆಯ ಮೇಲೂ ಅಂಟಿಸುವುದು ಒಳ್ಳೆಯದು. ತಲೆಯ ಮೇಲೆ ತುಳಸಿ ಬೃಂದಾವನ ಹೊತ್ತ ತಾಯಂದಿರಿಗೆ ನಮ್ಮ ದಿಂಡಿಯಲ್ಲಿ ಬೃಂದಾವನದ ಸುತ್ತ ಒಂದು ಪಟ್ಟಿ ಅಂಟಿಸಿಕೊಟ್ಟಿದ್ದೇವೆ. ಅಜ್ಜಿ ಈಗ ಕಾಲಗೆಜ್ಜೆಯ ಮೇಲೆ ಕಟ್ಟಿಕೊಳ್ಳುತ್ತಾರೆ.

ಮುಂಬಯಿಯಿಂದ ಶಿರಡಿಗೆ ನಡೆಯುವವರಲ್ಲಿ ನಾನು ಗಮನಿಸಿದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಠಾಣೆ, ಡೊಂಬಿವಿಲಿ, ಭಾಂಡುಪ್ ಕಡೆಯ ಕನ್ನಡಿಗರೂ ಸೇರಿ ಸಾವಿರಾರು ಮಂದಿ ರಾಮನವಮಿಗೆ ಮುಂಚೆ ಕಸಾರಾ ಘಾಟ್, ಇಗತಪುರಿ, ಸಿನ್ನರ್ ಮಾರ್ಗವಾಗಿ ಹೋಗುತ್ತಾರೆ ಮತ್ತು ಹರಕೆ ಹೊತ್ತ ಹಲವರು ಬರಿಗಾಲಿನಲ್ಲಿರುತ್ತಾರೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಡಾಂಬರು ಅಂಗಾಲು ಸುಡುತ್ತದೆ, ಪಕ್ಕದ ಮಣ್ಣಿನಲ್ಲಿ ಜಲ್ಲಿಯೂ ಜಾಲಿಮುಳ್ಳೂ ಇರುತ್ತವೆ. ಆಗ ಕಾಲಿಗೆ ಹಿತವಾಗಿ ಸಿಗುವ ಜಾಗವೆಂದರೆ ರಸ್ತೆಯ ಅಂಚಿನಲ್ಲಿ ಬಳಿದಿರುವ ಬಿಳಿ ಗೆರೆ, ಏಕೆಂದರೆ ಬಿಳಿಯ ಬಣ್ಣ ಬಿಸಿಲನ್ನು ಹೀರಿಕೊಳ್ಳುವುದು ಕಡಿಮೆ ಮತ್ತು ಅದರ ಮೇಲ್ಮೈ ನುಣುಪು. ಹೀಗೆ ಬರಿಗಾಲಿನವರು ತಮಗೆ ಗೊತ್ತಿಲ್ಲದೆಯೇ ಆ ಗೆರೆಯ ಮೇಲೆ ಸಾಲಾಗಿ ನಡೆಯುತ್ತಾರೆ, ವಾಹನಗಳು ಓಡುವ ಪಥ ಆ ಗೆರೆಯಿಂದಲೇ ಶುರುವಾಗುತ್ತದೆ. ರಾತ್ರಿ ದೀಪ ಬಿದ್ದಾಗ ಹೊಳೆಯಲೆಂದು ಆ ಗೆರೆಯ ಬಣ್ಣಕ್ಕೆ ನಾನು ಮೇಲೆ ಹೇಳಿದಂಥ ಗಾಜಿನ ಮಣಿಗಳನ್ನೇ ಬೆರೆಸಿರುತ್ತಾರೆ. ಗೆರೆ ಹೊಳೆಯುತ್ತದೆ, ಅದರ ಮೇಲೆ ನಡೆಯುವವರು ಕತ್ತಲಾಗಿಯೇ ಉಳಿಯುತ್ತಾರೆ. ಬರಿಗಾಲಿನ ಹರಕೆಯನ್ನು ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಬೆಳಿಗ್ಗೆ ಬೆಳಕು ಹರಿದ ಮೇಲೆ ಹತ್ತರ ವರೆಗೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ವರೆಗೆ ಎಂದು ನಡಿಗೆಯನ್ನು ಹಂಚಿಕೊಂಡರೆ ಡಾಂಬರೂ ಅಷ್ಟು ಸುಡುವುದಿಲ್ಲ, ಕತ್ತಲೆಯಲ್ಲಿ ನಡೆಯುವ ಪ್ರಸಂಗವೂ ಬರುವುದಿಲ್ಲ. ಬಿಸಿಲು ತಪ್ಪಿಸಲು ಮಧ್ಯರಾತ್ರಿ ಎರಡಕ್ಕೆ ಎದ್ದು ನಡೆಯುವ ರೂಢಿ ಇದಕ್ಕಿಂತ ಬಹಳ ಕೆಟ್ಟದ್ದು, ಏಕೆಂದರೆ ಎರಡರಿಂದ ಐದರ ನಡುವಿನ ಆ ಹೊತ್ತಿನಲ್ಲಿಯೇ ರಾತ್ರಿಯಿಡೀ ಓಡಿಸಿದ ಚಾಲಕರ ಕಣ್ಣು ಎಳೆಯುವುದು.

ರಸ್ತೆಯ ಯಾವ ಬದಿಯಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭವೆಂದು ಕಂಡರೂ ಅದರಲ್ಲಿ ಗೊಂದಲವಿದೆ. ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಓಡುವುದರಿಂದ, ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ ನಡೆಯಬೇಕು. ಆಗ ನಮಗೆ ಹತ್ತಿರದಲ್ಲಿ ಹಾಯುವ ವಾಹನ ಎದುರಿನಿಂದ ಬರುತ್ತದೆ, ಅದು ಓಲಾಡಿದರೆ ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಜಿಗಿಯಲು ಒಂದೆರಡು ಸೆಕೆಂಡ್ ಸಿಗುತ್ತದೆ. ನಡುವೆ ಡಿವೈಡರ್ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಈ ಮಾತನ್ನು ತಪ್ಪಾಗಿ ತಿಳಿದು ತಮ್ಮ ಬಲಕ್ಕಿರುವ ಡಿವೈಡರಿನ ಪಕ್ಕದಲ್ಲಿಯೇ ನಡೆಯುವವರನ್ನು ನೋಡಿದ್ದೇನೆ, ಅದು ಅತ್ಯಂತ ವೇಗದ ಪಥ. ಪುಣೆಯಿಂದ ಸೋಲಾಪುರದ ಕಡೆ ಹೋಗುವವರು, ಸೋಲಾಪುರದಿಂದ ಪುಣೆಗೆ ಬರುವ ವಾಹನಗಳ ರಸ್ತೆಗೆ ದಾಟಿ, ಅದರ ಹೊರ ಅಂಚಿನಲ್ಲಿ, ಬಿಳಿ ಗೆರೆಯ ಆಚೆ ನಡೆಯಬೇಕು. ಸರ್ವಿಸ್ ರಸ್ತೆ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪೊಲೀಸರು ಒಂದು ಬದಿಯನ್ನೇ ಬಿಟ್ಟುಕೊಟ್ಟ ದೊಡ್ಡ ಪಾಲಖಿಯಲ್ಲಿ, ಅಂದರೆ ಸಂತರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಸಾಗುವ ಮೆರವಣಿಗೆಯಲ್ಲಿ, ಮಾತ್ರ ಪಾಲಖಿ ಸಾಗುವ ಬದಿಯೇ ಎಲ್ಲರ ಬದಿ. ಎದುರುಮುಖವಾಗಿ ನಡೆಯುವವರೂ ಬೆನ್ನಿನ ಕಡೆ ಒಂದು ಕಿವಿ ಇಟ್ಟಿರಬೇಕು, ಏಕೆಂದರೆ ದೂರದ ಯೂ-ಟರ್ನ್ ತಪ್ಪಿಸಲು ರಾಂಗ್ ಸೈಡಿನಲ್ಲಿ ಬರುವ ಬೈಕುಗಳು ಇದೇ ಅಂಚನ್ನು ಹಿಡಿದು ಹಿಂದಿನಿಂದ ಬರುತ್ತವೆ. ತಾಳ ಮೃದಂಗದ ನಡುವೆ ಅವುಗಳ ಹಾರ್ನ್ ಕೇಳಿಸುವುದಿಲ್ಲ, ಒಂಟಿಯಾಗಿ ನಡೆಯುವವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅಭಂಗ ಕೇಳುವುದಂತೂ ಖಂಡಿತ ಬೇಡ.

ಪುಣೆಯಿಂದ ಹೊರಟ ಜ್ಞಾನೇಶ್ವರರ ಪಾಲಖಿ ಸಾಸವಡಕ್ಕೆ ಹೋಗುವಾಗ ಹತ್ತುವ ದಿವೆ ಘಾಟಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 2019ರ ನವೆಂಬರ್‌ನಲ್ಲಿ, ಪಂಢರಪುರದಿಂದ ಆಳಂದಿಗೆ ಬರುತ್ತಿದ್ದ ಸಂತ ನಾಮದೇವರ ದಿಂಡಿಯೊಳಕ್ಕೆ ಈ ಘಾಟಿನಲ್ಲಿ ಬ್ರೇಕ್ ವಿಫಲವಾದ ಮಣ್ಣು ಅಗೆಯುವ ಯಂತ್ರವೊಂದು ನುಗ್ಗಿತು. ಸತ್ತವರಲ್ಲಿ ನಾಮದೇವರ ವಂಶಜರೊಬ್ಬರೂ ಇದ್ದರು, ಹಲವರು ಗಾಯಗೊಂಡರು. ಘಾಟಿನಲ್ಲಿ ಬ್ರೇಕ್ ಕೈಕೊಡುವುದು ಹಣೆಬರಹದ ಮಾತಲ್ಲ, ಅದಕ್ಕೆ ಕಾರಣಗಳಿವೆ. ಭಾರದ ವಾಹನವನ್ನು ಇಳಿಜಾರಿನಲ್ಲಿ ಮೇಲಿನ ಗೇರಿನಲ್ಲಿಯೋ ನ್ಯೂಟ್ರಲ್‌ನಲ್ಲಿಯೋ ಬಿಟ್ಟು, ಬ್ರೇಕೊಂದನ್ನೇ ಮತ್ತೆ ಮತ್ತೆ ಒತ್ತುತ್ತ ಇಳಿಸಿದರೆ ಲೈನಿಂಗ್ ಕಾಯುತ್ತದೆ, ಕಾದ ಲೈನಿಂಗಿನ ಹಿಡಿತ ಸಡಿಲಗೊಳ್ಳುತ್ತದೆ, ಆಮೇಲೆ ಎಷ್ಟು ಒತ್ತಿದರೂ ವಾಹನ ನಿಲ್ಲುವುದಿಲ್ಲ. ಹತ್ತುವಾಗ ಬಳಸುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಪಾಠ ಬಂದದ್ದು ಇದರಿಂದಲೇ, ಆಗ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ನಡೆಯುವವರಿಗೆ ಇದರಿಂದ ತಿಳಿಯಬೇಕಾದದ್ದೇನೆಂದರೆ, ಘಾಟಿನಲ್ಲಿ ಬೆನ್ನು ತಿರುಗಿಸಬಾರದ ವಾಹನ ಮೇಲಿನಿಂದ ಇಳಿದು ಬರುವಂಥದ್ದು. ದಿಂಡಿ ಇಳಿಯುವಾಗ ಕಡೆಯಲ್ಲಿ ಇಬ್ಬರು ಹಿಂದಕ್ಕೆ ನೋಡುತ್ತ, ಸೀಟಿ ಹಿಡಿದು, ಗುಂಪಿನಿಂದ ಐವತ್ತು ಅರವತ್ತು ಮೀಟರ್ ಹಿಂದೆಯೇ ಬರಬೇಕು. ಸುಟ್ಟ ವಾಸನೆ ಮತ್ತು ಬಿಡದೆ ಬಾರಿಸುವ ಹಾರ್ನ್, ಈ ಎರಡರಲ್ಲಿ ಒಂದು ಬಂದರೂ ಸೀಟಿ ಊದಿ ಎಲ್ಲರನ್ನೂ ರಸ್ತೆ ಬಿಟ್ಟು ಹೊರಗೆ ಸರಿಸಬೇಕು. ತಿರುವುಗಳಲ್ಲಿ ಒಳಬದಿ ಅಪಾಯದ ಬದಿ. ಅಲ್ಲಿ ಗುಡ್ಡ ಅಡ್ಡ ಬರುವುದರಿಂದ ನಾವು ಚಾಲಕನಿಗೆ ಕಾಣುವುದಿಲ್ಲ, ಜೊತೆಗೆ ಉದ್ದದ ಟ್ರೇಲರ್ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡು ಬಿಟ್ಟು ಒಳಕ್ಕೆ ಸರಿಯುತ್ತವೆ. ನಾವು ಬಲಬದಿಯಲ್ಲಿ ನಡೆಯುತ್ತಿದ್ದು ರಸ್ತೆ ಬಲಕ್ಕೆ ತೀವ್ರವಾಗಿ ತಿರುಗುತ್ತಿದ್ದರೆ, ತಿರುವು ಬರುವ ಸಾಕಷ್ಟು ಮೊದಲೇ, ಎರಡೂ ಕಡೆ ಕಾಣುವ ಜಾಗದಲ್ಲಿ ರಸ್ತೆ ದಾಟಿ, ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಬರುವುದು ಸರಿ.

ಪಂಢರಪುರದ ಪಾದಯಾತ್ರೆಗೆ ವಾರಿ ಎನ್ನುತ್ತಾರೆ. ಆಷಾಢದ ವಾರಿಗೂ ಕಾರ್ತಿಕದ ವಾರಿಗೂ ರಸ್ತೆಯ ಮಟ್ಟಿಗೆ ಒಂದು ವ್ಯತ್ಯಾಸವಿದೆ. ಕಾರ್ತಿಕದ ಹೊತ್ತಿಗೆ ಬಾರಾಮತಿ, ಇಂದಾಪುರ, ಅಕಲೂಜ್ ಕಡೆ ಕಬ್ಬಿನ ಹಂಗಾಮು ಶುರುವಾಗಿರುತ್ತದೆ, ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವೂ ಇಲ್ಲದೆ ರಾತ್ರಿಯಿಡೀ ಓಡುತ್ತವೆ, ಹೊರಚಾಚಿದ ಕಬ್ಬಿನ ಗರಿ ಅಂಚಿನಲ್ಲಿ ನಡೆಯುವವರ ಮುಖಕ್ಕೆ ತಾಗುತ್ತದೆ. ಅವನ್ನು ಹಿಂದೆ ಹಾಕಲು ಬರುವ ಕಾರು ಎದುರು ಪಥಕ್ಕೆ ನುಗ್ಗುವುದರಿಂದ, ಟ್ರ್ಯಾಕ್ಟರ್ ಕಂಡಾಗಲೆಲ್ಲ ಅದರ ಹಿಂದೆ ಇನ್ನೊಂದು ವಾಹನ ಇದೆಯೆಂದೇ ತಿಳಿದು ರಸ್ತೆಯಿಂದ ಎರಡು ಹೆಜ್ಜೆ ಹೊರಗೆ ನಿಲ್ಲಬೇಕು.

ಜ್ಞಾನೇಶ್ವರರ ಮತ್ತು ತುಕಾರಾಮರ ಎರಡು ಪಾಲಖಿಗಳ ದಾರಿಯನ್ನೇ 965 ಮತ್ತು 965ಜಿ ಎಂಬ ರಾಷ್ಟ್ರೀಯ ಹೆದ್ದಾರಿಗಳಾಗಿ ಅಗಲಗೊಳಿಸುವ, ಬದಿಗಳಲ್ಲಿ ವಾರಿಗೆ ನಡೆಯುವ ವಾರಕರಿಗಳಿಗೆಂದೇ ಕಾಲುದಾರಿ ಕೊಡುವ ಕೆಲಸಕ್ಕೆ 2021ರ ನವೆಂಬರ್ 8ರಂದು ಶಂಕುಸ್ಥಾಪನೆಯಾಯಿತು. ಕಾಲುದಾರಿ ಇರುವ ಕಡೆ ಅದನ್ನು ಬಿಟ್ಟು ಡಾಂಬರಿಗೆ ಇಳಿಯಲೇಬಾರದು. ನನ್ನ ಆತಂಕ ಬೇರೆಯದು. ರಸ್ತೆ ಅಗಲವಾದಷ್ಟೂ ವೇಗ ಏರುತ್ತದೆ, ಮೊದಲು ಎರಡು ಪಥದ ರಸ್ತೆಯನ್ನು ಹತ್ತು ಹೆಜ್ಜೆಗೆ ದಾಟಿ ಆಚೆಯ ಬೋರ್‌ವೆಲ್ಲಿಗೆ ಹೋಗುತ್ತಿದ್ದವರು ಈಗ ನಾಲ್ಕು ಪಥ ಮತ್ತು ಒಂದು ಡಿವೈಡರ್ ದಾಟಬೇಕು. ಪಾಲಖಿ ಸಾಗುವಾಗ ಪೊಲೀಸರಿರುತ್ತಾರೆ, ವಾಹನಗಳನ್ನು ಬೇರೆ ದಾರಿಗೆ ತಿರುಗಿಸಿರುತ್ತಾರೆ, ಲಕ್ಷ ಲಕ್ಷ ಜನ ಒಟ್ಟಿಗೆ ನಡೆಯುವಾಗ ಯಾವ ಚಾಲಕನಿಗಾದರೂ ಅವರು ಕಾಣುತ್ತಾರೆ. ಅಪಾಯ ಹೆಚ್ಚಿರುವುದು ಅದರ ಅಂಚುಗಳಲ್ಲಿ: ಪಾಲಖಿಯನ್ನು ಸೇರಿಕೊಳ್ಳಲು ಬೆಳಗಿನ ಜಾವ ಒಬ್ಬೊಬ್ಬರಾಗಿ ಹೊರಟಾಗ, ನೀರಿಗೋ ಬಹಿರ್ದೆಸೆಗೋ ಕತ್ತಲೆಯಲ್ಲಿ ರಸ್ತೆ ದಾಟುವಾಗ, ಕಾಲಲ್ಲಿ ಬೊಕ್ಕೆ ಎದ್ದು ಹಿಂದೆ ಬಿದ್ದಾಗ. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಖಿಗೆ ಕುದುರೆಗಳು ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದಲೇ ನಡೆದು ಬರುತ್ತವೆ. ಬೆಳಗಾವಿ, ವಿಜಾಪುರ, ಬಾಗಲಕೋಟೆ ಕಡೆಯ ಎಷ್ಟೋ ಸಣ್ಣ ದಿಂಡಿಗಳೂ ತೆರೆದ ಹೆದ್ದಾರಿಯಲ್ಲಿಯೇ ಬರುತ್ತವೆ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆ ಹಳೆಗೋವೆಗೆ ನಡೆಯುವ ಬೆಳಗಾವಿ, ಖಾನಾಪುರದ ಕ್ರೈಸ್ತ ಬಾಂಧವರ ದಾರಿಯೂ ಘಟ್ಟದ್ದೇ. ಇಂಥ ಮೂವತ್ತು ನಲವತ್ತು ಜನರ ಗುಂಪಿಗೆ ಪೊಲೀಸ್ ಬೆಂಗಾವಲು ಇರುವುದಿಲ್ಲ. ಮುಂದಿನವರ ಕೈಯಲ್ಲಿ ಬಿಳಿ ಟಾರ್ಚ್, ಕಡೆಯವರ ಕೈಯಲ್ಲಿ ಕೆಂಪು ಮಿನುಗುದೀಪ, ನಡುವೆ ಇಬ್ಬಿಬ್ಬರ ಸಾಲು, ಕುಂಟುತ್ತಿರುವವರಿಗೆ ತಕ್ಕಂತೆ ಇಡೀ ಗುಂಪಿನ ವೇಗ: ಇಷ್ಟನ್ನು ಅವರೇ ಮಾಡಿಕೊಳ್ಳಬೇಕು.

ವಿಶ್ರಾಂತಿಯ ಜಾಗದ ಬಗ್ಗೆ ನಿಷ್ಠುರವಾಗಿ ಹೇಳುತ್ತೇನೆ. ನಿಂತ ಲಾರಿಯ ನೆರಳಿನಲ್ಲಿ, ಅದರ ಹಿಂದೆ ಅಥವಾ ಅಡಿಯಲ್ಲಿ ಯಾರೂ ಮಲಗಬಾರದು, ಅದು ನಮ್ಮದೇ ದಿಂಡಿಯ ನೀರಿನ ಟ್ಯಾಂಕರ್ ಆಗಿದ್ದರೂ ಸರಿ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಬಾನೆಟ್ಟಿನ ಎದುರಿಗೇ ಕುಳಿತ ಮನುಷ್ಯನಾಗಲಿ, ಎಡಬಾಗಿಲಿನ ಕೆಳಗಿರುವವನಾಗಲಿ, ಹಿಂದೆ ಇರುವವನಾಗಲಿ ಕಾಣುವುದಿಲ್ಲ. ನಮ್ಮಲ್ಲಿ ಟ್ಯಾಂಕರ್ ರಿವರ್ಸ್ ಬರಬೇಕಾದರೆ ಒಬ್ಬನು ಇಳಿದು ಹಿಂದೆ ನಿಂತು ಕೈ ಮಾಡುವ ವರೆಗೆ ಚಾಲಕನು ಗೇರ್ ಹಾಕುವುದಿಲ್ಲ.

ಇಷ್ಟಾದರೂ ಅಪಘಾತವಾದರೆ, ಬಿದ್ದವರ ಸುತ್ತ ಗುಂಪು ಕಟ್ಟುವ ಮೊದಲು ಇಬ್ಬರು ಹಿಂದಕ್ಕೆ ಓಡಿ ಬರುವ ವಾಹನಗಳನ್ನು ತಡೆಯಬೇಕು, ಇಲ್ಲದಿದ್ದರೆ ಎರಡನೆಯ ವಾಹನ ನೆರವಿಗೆ ಬಂದವರ ಮೇಲೆಯೇ ಹರಿಯುತ್ತದೆ. ರಕ್ತ ಸುರಿಯುವ ಜಾಗವನ್ನು ಮಡಿಸಿದ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಎತ್ತಿ ಕೂರಿಸಬಾರದು. 108 ಆಂಬುಲೆನ್ಸಿಗೆ, 112 ಎಲ್ಲ ತುರ್ತಿಗೆ, 1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಫೋನ್ ಮಾಡಿದವರು ತೊದಲುವುದು ಎಲ್ಲಿದ್ದೇವೆಂದು ಹೇಳುವಾಗ. ಹಳದಿ ತಲೆಯ ಕಿಲೋಮೀಟರ್ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು, ಅದರ ಮೇಲಿನ ಹೆದ್ದಾರಿ ಸಂಖ್ಯೆ ಮತ್ತು ಕಿಲೋಮೀಟರನ್ನು ಓದಿ ಹೇಳಿದರೆ ಸಾಕು. ನಡೆಯುವಾಗ ಪ್ರತಿ ಕಲ್ಲನ್ನೂ ಗಟ್ಟಿಯಾಗಿ ಓದುವ ಕೆಲಸವನ್ನು ನಮ್ಮ ದಿಂಡಿಯ ಹುಡುಗರಿಗೆ ವಹಿಸಿದ್ದೇವೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರನ್ನು ಕಾನೂನಿನ ಹೊಣೆಗೆ ಸಿಲುಕಿಸದಂತೆ 2019ರ ಮೋಟಾರು ವಾಹನ ತಿದ್ದುಪಡಿ ರಕ್ಷಣೆ ಕೊಟ್ಟಿದೆ, ಹೆದರಬೇಕಾಗಿಲ್ಲ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ಸಿಗುತ್ತದೆ. ಅದಕ್ಕೆ ಪೊಲೀಸ್ ದೂರು ದಾಖಲಾಗಿರಬೇಕು.

ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹಿರಿಯರು ನಮ್ಮ ದಿಂಡಿಗಳಲ್ಲಿ ಬಹಳ ಮಂದಿ ಇರುತ್ತಾರೆ. ಅವರು ಒಂಟಿಯಾಗಿ ಆಸ್ಪತ್ರೆ ಸೇರಿದರೆ ಹೆಸರು ಹೇಳುವುದಕ್ಕೂ ಆಗದೆ ಹೋಗಬಹುದು. ಹೆಸರು, ರಕ್ತದ ಗುಂಪು, ಸಕ್ಕರೆ ಕಾಯಿಲೆ ಅಥವಾ ಬಿ.ಪಿ.ಗೆ ತೆಗೆದುಕೊಳ್ಳುವ ಮಾತ್ರೆ, ಮನೆಯವರ ಇಬ್ಬರ ಫೋನ್ ನಂಬರ್, ಇವನ್ನು ದೇವನಾಗರಿಯಲ್ಲಿ ಮರಾಠಿಯಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿದ ಚೀಟಿಯನ್ನು ಚೀಲದಲ್ಲಿ ಇಡದೆ ಕುತ್ತಿಗೆಗೇ ಹಾಕಬೇಕು. ಅಪಘಾತದಲ್ಲಿ ಚೀಲ ಒಂದು ಕಡೆ, ಮನುಷ್ಯ ಒಂದು ಕಡೆ ಬೀಳುತ್ತಾರೆ.

ಕಡೆಯದಾಗಿ ವಾಪಸು ಪ್ರಯಾಣ. ಏಕಾದಶಿಯ ದರ್ಶನವಾದ ಮೇಲೆ, ಹದಿನೆಂಟು ಇಪ್ಪತ್ತು ದಿನ ನಡೆದ ದಣಿವಿನಲ್ಲಿ, ಪುಣೆ ಮುಂಬಯಿಯಲ್ಲಿ ಸೋಮವಾರ ಕೆಲಸಕ್ಕೆ ಹಾಜರಾಗಬೇಕೆಂಬ ಅವಸರದಲ್ಲಿ, ಸಾಮಾನಿನ ಟೆಂಪೊದ ಹಿಂದೆ ಪಾತ್ರೆಗಳ ನಡುವೆ ಜನರನ್ನು ತುಂಬಿಕೊಂಡು ರಾತ್ರಿಯೇ ಹೊರಡುತ್ತಾರೆ. ಆ ಟೆಂಪೊದ ಚಾಲಕನು ಎಷ್ಟು ಗಂಟೆ ಮಲಗಿದ್ದಾನೆಂದು ಯಾರೂ ಕೇಳುವುದಿಲ್ಲ, ಅವನೂ ದರ್ಶನದ ಸಾಲಿನಲ್ಲಿ ರಾತ್ರಿಯಿಡೀ ನಿಂತವನೇ. ನಮ್ಮ ದಿಂಡಿಯಲ್ಲಿ ಈಗ ದ್ವಾದಶಿಯ ಊಟವಾದ ಮೇಲೆ ಚಾಲಕನಿಗೆ ಹಾಸಿಗೆ ಬಿಚ್ಚಿ ಕೊಟ್ಟು, ಬಾಗಿಲಲ್ಲಿ ಅಜ್ಜಿಯನ್ನು ಕೂರಿಸುತ್ತೇವೆ. ಅವನು ಆರು ಗಂಟೆ ಮಲಗಿ ತಾನಾಗಿ ಏಳುವ ವರೆಗೆ ಅಜ್ಜಿ ಯಾರನ್ನೂ ಒಳಗೆ ಬಿಡುವುದಿಲ್ಲ. ಎಲ್ಲರೂ ಮಹಾರಾಷ್ಟ್ರ ಸಾರಿಗೆಯ ಎಸ್.ಟಿ. ಬಸ್ಸಿಗೆ ಟಿಕೆಟ್ ತೆಗೆಸಿ ಹೋಗುತ್ತಾರೆ, ಟೆಂಪೊ ಪಾತ್ರೆ ಹಾಸಿಗೆಗಳನ್ನಷ್ಟೇ ಹೊತ್ತು, ಬೆಳಕಿರುವಾಗಲೇ ಹಡಪಸರ ಸೇರುತ್ತದೆ.